ನೀರು ಕಾಯದಿದ್ದರೆ ಸೋಲಾರ್ ಕಿತ್ತುಹಾಕುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಮೈಸೂರಿನ ಮನೆಮನೆಯಲ್ಲೂ ‘ಸೋಲಾರ್ ಕೆಟ್ಟಿದೆ, ನೀರು ಕಾಯುತ್ತಿಲ್ಲ’ ಎಂಬ ದೂರು ಶುರುವಾಗುತ್ತದೆ. ಚಳಿಗಾಲಕ್ಕೆ ಸೋಲಾರ್ ಆಗಿಬರುವುದಿಲ್ಲ ಎಂದು ನಂಬಿ, ಚೆನ್ನಾಗಿರುವುದನ್ನೇ ಕಿತ್ತು ಹೊಸದು ಹಾಕಿಸುವವರಿದ್ದಾರೆ. ಅಷ್ಟು ದುಡ್ಡಿಲ್ಲದವರು ಆ ಹೊತ್ತಿಗೆ ಕೈಗೆ ಸಿಕ್ಕಿದ ರಾಡನ್ನೋ ಗ್ಯಾಸ್ ಗೀಸರನ್ನೋ ತರುತ್ತಾರೆ. ಮೊದಲನೆಯದರಲ್ಲಿ ಹಣ ದಂಡ. ಎರಡನೆಯದರಲ್ಲಿ ಜೀವಕ್ಕೇ ಸಂಚಕಾರ ಬರಬಹುದು. ದೋಷ ಎಲ್ಲಿದೆ ಎಂದು ಕಂಡುಹಿಡಿಯಲು ಹೆಚ್ಚೆಂದರೆ ಒಂದು ದಿನ ಬೇಕು, ಅದಕ್ಕೆ ಖರ್ಚೂ ಇಲ್ಲ.

ಬಿಸಿಲಿದ್ದ ದಿನ ಸಂಜೆ 4 ಗಂಟೆಗೆ ತಾರಸಿಗೆ ಹೋಗಿ ಸೋಲಾರ್ ಟ್ಯಾಂಕಿನಿಂದ ಹೊರಬರುವ ಪೈಪನ್ನು ಮುಟ್ಟಿ ನೋಡಬೇಕು (ಬಟ್ಟೆ ಹಿಡಿದು ಮುಟ್ಟಿ). ಅಲ್ಲಿ ಸುಡುತ್ತಿದ್ದು ಬಚ್ಚಲಲ್ಲಿ ಮಾತ್ರ ತಣ್ಣಗಿದ್ದರೆ ಸೋಲಾರ್‌ನಲ್ಲಿ ಏನೂ ಕೆಟ್ಟಿಲ್ಲ. ಸೋಲಾರ್‌ಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ಮಾತ್ರ ತಿರುಗಿಸಿ. ಪೈಪಿನಲ್ಲಿದ್ದ ನೀರು ಸುರಿದು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ತಣ್ಣೀರು ಎಲ್ಲೋ ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ ಎಂದರ್ಥ. ಹೆಚ್ಚಾಗಿ ಅದು ಶವರ್‌ಗೆ ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್‌ನಲ್ಲಿ. ಬಿಸಿ, ತಣ್ಣೀರು ಎರಡೂ ಕಡೆಯ ನಲ್ಲಿ ತೆರೆದಿಟ್ಟು, ತುದಿಯಲ್ಲಿ ಮಾತ್ರ ಮುಚ್ಚುವ ಹ್ಯಾಂಡ್ ಶವರ್ ಇದ್ದರೆ ಇಡೀ ಮನೆಯ ಬಿಸಿನೀರು ಹಾಳಾಗುತ್ತದೆ. ಮಿಕ್ಸರ್‌ನ ಒಳಗಿನ ಕಾರ್ಟ್ರಿಜ್ ಬದಲಿಸಿದರೆ ಮುಗಿಯುವ ಈ ಕೆಲಸಕ್ಕೆ ಹೊಸ ಸೋಲಾರ್ ಕೊಂಡವರಿದ್ದಾರೆ ಎಂಬುದೇ ಸಂಕಟದ ವಿಷಯ.

ಸಂಜೆ ಬಿಸಿಯಾಗಿದ್ದ ನೀರು ಬೆಳಗ್ಗೆ ಆರಿಹೋಗುತ್ತದೆಯೇ? ಹಾಗಿದ್ದರೆ ಸಂಜೆ ಹೊತ್ತು ತಣ್ಣೀರು ಒಳಬರುವ ಪೈಪನ್ನು ಮುಟ್ಟಿ. ಅದು ತುಂಬ ದೂರದವರೆಗೆ ಬೆಚ್ಚಗಿದ್ದರೆ ನಾನ್ ರಿಟರ್ನ್ ವಾಲ್ವ್ ಕೆಟ್ಟು, ಬಿಸಿನೀರು ಹಿಂದಕ್ಕೆ ಹೋಗುತ್ತಿದೆ. ಟ್ಯಾಂಕಿನ ಹೊರಕವಚ ಸೀಳಿ ಒಳಗಿನ ಫೋಮ್ ಮಳೆಗಾಲದಲ್ಲಿ ನೆನೆದಿದ್ದರೂ ಶಾಖ ನಿಲ್ಲುವುದಿಲ್ಲ.

ಸಂಜೆಯೂ ನೀರು ಕಾಯದಿದ್ದರೆ ಮೊದಲು ನೋಡಬೇಕಾದದ್ದು ನೆರಳು. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್ ಕೊನೆಗೆ ಅವನು ದಕ್ಷಿಣಕ್ಕೆ ಸರಿದು, ಮಧ್ಯಾಹ್ನವೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಆಗ 10 ಅಡಿ ಗೋಡೆಯ ನೆರಳು ಮಧ್ಯಾಹ್ನಕ್ಕೆ 7 ಅಡಿ, ಬೆಳಗ್ಗೆ 9ಕ್ಕೆ 18 ಅಡಿ ಚಾಚುತ್ತದೆ. ಬೇಸಿಗೆಯಲ್ಲಿ ಅಡ್ಡಬಾರದ ತೆಂಗಿನ ಗರಿ, ಪಕ್ಕದವರು ಹೊಸದಾಗಿ ಎತ್ತಿದ ಮಹಡಿ, ನಮ್ಮದೇ ನೀರಿನ ಟ್ಯಾಂಕು ಈಗ ಅಡ್ಡ ಬರುತ್ತವೆ. ರಜೆಯ ದಿನ 9, 12, 3 ಗಂಟೆಗೆ ಮೂರು ಸಲ ಹೋಗಿ ನೋಡಿದರೆ ಗೊತ್ತಾಗುತ್ತದೆ. ಗರಿ ಕಡಿಸುವುದೋ ಸ್ಟ್ಯಾಂಡ್ ಸರಿಸುವುದೋ, ಹೊಸದು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ನೆರಳಿಲ್ಲದಿದ್ದರೆ ಗಾಜಿನ ಕೊಳವೆಗಳನ್ನು ನೋಡಿ. ಪ್ರತಿ ಕೊಳವೆಯ ಕೆಳತುದಿ ಕನ್ನಡಿಯಂತೆ ಬೆಳ್ಳಿ ಬಣ್ಣಕ್ಕಿರಬೇಕು. ಸುಣ್ಣ ಬಳಿದ ಹಾಗೆ ಬಿಳುಪಾಗಿದ್ದರೆ ಅದರ ನಿರ್ವಾತ ಹೋಗಿದೆ, ಆ ಕೊಳವೆಯನ್ನಷ್ಟೇ ಬದಲಿಸಿದರೆ ಸಾಕು. ಟ್ಯಾಂಕು ಖಾಲಿ ಮಾಡಿ, ರಬ್ಬರ್ ರಿಂಗಿಗೂ ಕೊಳವೆಯ ಬಾಯಿಗೂ ಸೋಪಿನ ನೀರು ಹಚ್ಚಿ, ತಿರುಗಿಸುತ್ತಾ ಒತ್ತಬೇಕು. ಬಿಸಿಲಲ್ಲಿ ಒಣಗಿ ನಿಂತ ಕೊಳವೆಯ ಒಳಗೆ 200 ಡಿಗ್ರಿ ದಾಟುವ ಶಾಖವಿರುತ್ತದೆ. ಅದಕ್ಕೆ ತಣ್ಣೀರು ಬಿಟ್ಟರೆ ಒಡೆಯುವುದು ಖಂಡಿತ. ಈ ಕೆಲಸ ಸೂರ್ಯ ಹುಟ್ಟುವ ಮೊದಲೇ ಆಗಬೇಕು, ಇಲ್ಲವೇ ಗೋಣಿಚೀಲ ಹೊದಿಸಿ ಪೂರ್ತಿ ಆರಿದ ಮೇಲೆ ನೀರು ತುಂಬಬೇಕು.

ಹೊರವರ್ತುಲ ರಸ್ತೆಯಾಚೆಯ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬಳಸುವವರಿಗೆ ಉಪ್ಪುಕಟ್ಟುವ ಕಾಟ ಬೇರೆ. ತಾಮ್ರದ ಸಣ್ಣ ಪೈಪುಗಳಿರುವ ಹಳೆಯ ಚಪ್ಪಟೆ ಪ್ಯಾನೆಲ್‌ಗಳು ಇದರಿಂದ ಪೂರ್ತಿ ಕಟ್ಟಿಕೊಳ್ಳುತ್ತವೆ. 10 ಲೀಟರ್ ಬೆಚ್ಚನೆಯ ನೀರಿಗೆ ಅರ್ಧ ಕೆಜಿ ಸಿಟ್ರಿಕ್ ಆಸಿಡ್ (ಅಂಗಡಿಯಲ್ಲಿ ನಿಂಬೆ ಉಪ್ಪು ಎಂದರೆ ಕೊಡುತ್ತಾರೆ) ಕರಗಿಸಿ, ಕೆಲವು ಗಂಟೆ ಒಳಗೆ ನಿಲ್ಲಿಸಿ, ಚೆನ್ನಾಗಿ ತೊಳೆದರೆ ಕಟ್ಟಿದ್ದು ಬಿಡುತ್ತದೆ. ಕಕ್ಕಸು ತೊಳೆಯುವ ಆಸಿಡ್ ಸುರಿದು ಬೇಗ ಮುಗಿಸಲು ಬರುವವರನ್ನು ದಯವಿಟ್ಟು ತಾರಸಿ ಹತ್ತಿಸಬೇಡಿ. ಅದು ಸ್ಟೀಲ್ ಟ್ಯಾಂಕಿಗೆ ಸೂಜಿತೂತು ಬೀಳಿಸುತ್ತದೆ. ಮೇಲೆ ನಿಂತಿರುವ ಗಾಳಿಪೈಪಿನ ಬಾಯಿ ತೆರೆದಿದೆಯೇ ಎಂದೂ ನೋಡಿಕೊಳ್ಳಿ. ಅದು ಮುಚ್ಚಿಹೋಗಿದ್ದರೆ ಗಾಳಿ ತುಂಬಿ ನೀರು ಬಾರದಿರಬಹುದು, ಟ್ಯಾಂಕೇ ಒಳಕ್ಕೆ ನೆಗ್ಗಿ ಹೋಗಲೂಬಹುದು.

ಮೋಡದ ದಿನಗಳಿಗೆಂದೇ ಹಲವು ಸೋಲಾರ್ ಟ್ಯಾಂಕುಗಳಲ್ಲಿ ಕರೆಂಟ್ ಕಾಯಿಲ್ ಇರುತ್ತದೆ. 100 ಲೀಟರ್ ನೀರನ್ನು 35ರಿಂದ 50 ಡಿಗ್ರಿಗೆ ಏರಿಸಲು 1.75 ಯೂನಿಟ್ ಸಾಕು. 2 ಕಿಲೋವಾಟ್ ಕಾಯಿಲ್‌ಗೆ ಇದು ಗಂಟೆಯೊಳಗಿನ ಕೆಲಸ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮೊದಲೇ ಅದನ್ನು ಒಮ್ಮೆ ಹಾಕಿ ಪರೀಕ್ಷಿಸುವ ರೂಢಿ ಬೆಳೆಯಬೇಕು. ಕಾಯಿಲ್ ಅಥವಾ ಗೀಸರ್ ಹಾಕಿದಾಗಲೆಲ್ಲ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಕಾಯಿಲ್‌ನ ಹೊರಮೈಗೆ ಕರೆಂಟ್ ಸೋರುತ್ತಿದೆ ಎಂದು ತಿಳಿಯಬೇಕು. ಕೆಲವು ಕಡೆ ಇಎಲ್‌ಸಿಬಿಯನ್ನೇ ತಪ್ಪಿಸಿ ನೇರ ಲೈನ್ ಕೊಡುತ್ತಾರೆ. ಸ್ನಾನದ ನೀರಿಗೆ ಕರೆಂಟ್ ಬಿಟ್ಟಂತೆಯೇ ಅದು. ಗೀಸರ್ ಕಾಯುವಾಗ ಸೇಫ್ಟಿ ವಾಲ್ವ್ ನಾಲ್ಕು ಹನಿ ತೊಟ್ಟಿಕ್ಕುವುದು ಸಹಜ, ಅದರ ಬಾಯಿಗೆ ಪ್ಲಗ್ ಬಡಿದು ಮುಚ್ಚಿದರೆ ಒಳಗಿನ ಒತ್ತಡಕ್ಕೆ ಟ್ಯಾಂಕು ಸಿಡಿಯಬಹುದು.

ಇನ್ನು ಆತುರಕ್ಕೆ ತರುವ ಬದಲಿಗಳ ವಿಷಯ. 1500 ವಾಟ್ ರಾಡು 6.5 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಣ್ಣ ಸಾಕೆಟ್ ಅದಕ್ಕೆ ತಡೆಯದು, 16 ಆಂಪಿಯರ್‌ನದ್ದೇ ಬೇಕು. ಐಎಸ್ 368 ಗುರುತಿರುವ ರಾಡನ್ನೇ ಕೊಳ್ಳಿ, ಪ್ಲಾಸ್ಟಿಕ್ ಬಕೆಟ್ ಬಳಸಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ.

ರಾಡಿಗಿಂತಲೂ ನನಗೆ ಹೆಚ್ಚು ಭಯವಿರುವುದು ಬಚ್ಚಲೊಳಗಿನ ಗ್ಯಾಸ್ ಗೀಸರ್ ಬಗ್ಗೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆಸುತ್ತು ಬಂತು ಎನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಆ ಗೀಸರ್ ಇರಬೇಕಾದದ್ದು ಬಚ್ಚಲಿನ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ. ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಮಲಗುವ ಕೋಣೆಯ ಬಾಗಿಲು ಹಾಕಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡರೂ ಇದೇ ವಿಷ. ಮಂಡ್ಯ ಸೀಮೆಯ ಹಳ್ಳಿಮನೆಗಳಲ್ಲಿ ತೆಂಗಿನ ಮಟ್ಟೆ ಉರಿಸುವ ಹಂಡೆ ಒಲೆ ಇದ್ದರೂ ಹಿರಿಯರು ಹೆಂಚಿನ ಸಂದಿ, ಗೋಡೆಯ ಕಿಂಡಿ ಬಿಡುತ್ತಿದ್ದರು. ಹೊಸ ಮನೆ ಕಟ್ಟುವಾಗ ಹಂಡೆಯನ್ನು ಉಳಿಸಿಕೊಂಡು ಆ ಕಿಂಡಿಯನ್ನು ಮುಚ್ಚಬೇಡಿ.

ಬಾಡಿಗೆಗೆ ಮನೆ ಕೊಟ್ಟಿರುವ ಮಾಲೀಕರಲ್ಲಿ ಒಂದು ಬೇಡಿಕೆ. ಬಾಡಿಗೆದಾರರು ತಾರಸಿ ಹತ್ತಿ ಸೋಲಾರ್ ನೋಡಲು ಬೀಗದ ಕೈ ಕೊಡಿ, ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಈ ವಾರವೇ ಹೊರಗೆ ಹಾಕಿಸಿ, ಮೀಟರ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಕೂರಿಸಿ. ಅದರ ಮೇಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿದಾಗ ಅದು ಟಕ್ಕನೆ ಬೀಳಬೇಕು. ಬೀಳದಿದ್ದರೆ ಅಂದೇ ಬದಲಿಸಬೇಕು.

ಇತಿ,
ಸೋಲಾರ್ ಮತ್ತು ಗೀಸರ್ ದುರಸ್ತಿ ಕೆಲಸಗಾರ, ಮೈಸೂರು