ಜಡ್ಡಿಯನ್ನು ಪಾಳು ಜಾಗ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ಕೆರೆ ಹೂಳೆತ್ತಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ, ಓದಿ ಖುಷಿಯಾಗುತ್ತದೆ. ಆದರೆ ಕಾಡಿನೊಳಗಿನ ಜಡ್ಡಿಯ ಬಗ್ಗೆ ಬರೆಯುವವರು ಕಡಿಮೆ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ವರ್ಷವಿಡೀ ನೀರು ಜಿನುಗುವ, ಕಾಲಿಟ್ಟರೆ ಹೂತುಹೋಗುವ ಕೆಸರು ಕಾಡು ಅದು. ರಾಮಪತ್ರೆ (ಕಾಡು ಜಾಯಿಕಾಯಿ) ಜಾತಿಯ ಮರಗಳೇ ಅಲ್ಲಿ ಜಾಸ್ತಿ, ಅದಕ್ಕೇ ಉತ್ತರ ಕನ್ನಡದಲ್ಲಿ ರಾಮಪತ್ರೆ ಜಡ್ಡಿ ಎನ್ನುತ್ತೇವೆ.

ನಮ್ಮ ತೋಟದ ಮೇಲ್ಗಡೆ ಇಂಥದ್ದೊಂದು ಸಣ್ಣ ಜಡ್ಡಿ ಇತ್ತು. ಕೆಲವು ವರ್ಷಗಳ ಹಿಂದೆ ಬಸಿಗಾಲುವೆ ತೆಗೆದು, ನೀರು ಹೊರಗೆ ಬಿಟ್ಟು, ಅಡಿಕೆ ಸಸಿ ನೆಟ್ಟರು. ಮೊದಲು ಮೇ ತಿಂಗಳಲ್ಲೂ ಹರಿಯುತ್ತಿದ್ದ ಹಳ್ಳ ಈಗ ಫೆಬ್ರವರಿ ಮುಗಿಯುವಷ್ಟರಲ್ಲಿ ಒಣಗುತ್ತದೆ. ಎಲೆ, ಬೇರು, ಮಣ್ಣು ಸೇರಿದ ಆ ಕೆಸರು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು ಅಂತ ನಮಗೆ ಅರ್ಥವಾಗಿದ್ದು ಆಮೇಲೆ.

ಜಡ್ಡಿಯ ಕೆಸರಲ್ಲಿ ಗಾಳಿ ಆಡುವುದಿಲ್ಲ. ಬೇರೆ ಮರವಾದರೆ ಬೇರು ಕೊಳೆತು ಸಾಯುತ್ತದೆ. ಇಲ್ಲಿಯ ಮರಗಳು ಬೇರನ್ನೇ ಮೇಲಕ್ಕೆ ಕಳಿಸುತ್ತವೆ: ಕೆಸರಿನಿಂದ ಎದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುವ ಬೇರುಗಳು. ಮರ ಉಸಿರಾಡುವುದೇ ಅವುಗಳಿಂದ. ಒಮ್ಮೆ ಹೋಗಿ ನೋಡಬೇಕು, ಸುಮ್ನೆ ನಿಂತುಬಿಡುತ್ತೀರಿ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಗೇರು ಬಳಗದ ಮರವೊಂದು ಹೊಸ ಪ್ರಭೇದ ಎಂದು ದಾಖಲಾಗಿದ್ದು 2000ದಲ್ಲಿ. ಆ ಜಾಗದ ಹೆಸರನ್ನೇ ಇಟ್ಟಿದ್ದಾರೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಒಂದು ಇಡೀ ಮರ ಅಲ್ಲಿಯವರೆಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ! ಅದಕ್ಕೂ ಮೊದಲೇ ಗದ್ದೆ, ತೋಟ ಆಗಿಹೋದ ಜಡ್ಡಿಗಳಲ್ಲಿ ಏನೇನಿತ್ತೋ.

ಕಡಿದರೇನು, ಮತ್ತೆ ನೆಟ್ಟರಾಯ್ತು ಅನ್ನುವವರಿದ್ದಾರೆ. ಅಷ್ಟು ಸುಲಭ ಅಲ್ಲ. ಈ ಮರಗಳ ಬೀಜ ಒಣಗಿದರೆ ಸತ್ತಂತೆ, ಕೂಡಿಡಲು ಬರುವುದಿಲ್ಲ. ಸಸಿಗೆ ನೆರಳೂ ಬೇಕು, ತೇವವೂ ಬೇಕು. ಬೀಜವನ್ನು ದೂರ ಹೊತ್ತೊಯ್ಯುವ ಮಂಗಟ್ಟೆ ಹಕ್ಕಿಗೆ ಗೂಡು ಮಾಡಲು ಪೊಟರೆ ಇರುವ ದೊಡ್ಡ ಮರವೇ ಬೇಕು, ಅಂಥ ಮರ ನಮ್ಮ ಜೀವಮಾನದಲ್ಲಿ ಬೆಳೆಯುವುದಲ್ಲ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ ಸಿಕ್ಕಿತು, ತುಂಬಾ ಸಂತೋಷ. ಅದೇ ನದಿಯ ಮೇಲ್ಗಡೆ ಕಣಿವೆಯಲ್ಲೂ ಜಡ್ಡಿಗಳಿವೆ. ಅವುಗಳನ್ನೂ ಹಾಗೇ ಕಾಪಾಡಬೇಕು ಅಲ್ವಾ?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು. ಆ ಸಮಿತಿಗಳು ತಮ್ಮ ಊರಿನ ಒಂದೊಂದು ಜಡ್ಡಿಯನ್ನೂ, ಅದು ಅರ್ಧ ಎಕರೆಯದ್ದೇ ಆಗಿರಲಿ, ದಾಖಲೆಗೆ ಸೇರಿಸಲಿ. ದನ ಕಾಯ್ದ ಅಜ್ಜಂದಿರಿಗೆ ಯಾವ ಜಡ್ಡಿ ಎಲ್ಲಿದೆ ಅಂತ ಈಗಲೂ ಬಾಯಿಪಾಠ, ಅವರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಏಪ್ರಿಲ್‌ನಲ್ಲೇ ಹೋಗುವುದು ಒಳ್ಳೆಯದು. ಸುತ್ತಲಿನ ಹಳ್ಳಗಳೆಲ್ಲ ಒಣಗಿರುವಾಗ ಎಲ್ಲಿ ಇನ್ನೂ ನೀರು ಜಿನುಗುತ್ತಿದೆಯೋ ಅಲ್ಲಿ ಹುಡುಕಿದರೆ ಸಾಕು.

– ಒಬ್ಬ ಅಡಿಕೆ ಬೆಳೆಗಾರ, ಸಿದ್ದಾಪುರ ತಾಲ್ಲೂಕು