ಅಘನಾಶಿನಿ ಅಳಿವೆಗೆ ಹಕ್ಕಿ ನೋಡಲು: ಎಂಟು, ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಹೊನ್ನಾವರ
ಜನವರಿ 9, 2026

ಮಾನ್ಯ ಪೋಷಕರೆ,

ನಮಸ್ಕಾರ. ಇದೇ ಜನವರಿ 24, ಶನಿವಾರ, ಎಂಟು ಮತ್ತು ಒಂಬತ್ತನೇ ತರಗತಿಯ 24 ಮಕ್ಕಳನ್ನು ಅಘನಾಶಿನಿ ಅಳಿವೆಗೆ, ಅಂದರೆ ಆ ನದಿ ಕಡಲು ಸೇರುವ ಜಾಗಕ್ಕೆ, ಚಳಿಗಾಲದ ವಲಸೆ ಹಕ್ಕಿಗಳನ್ನು ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. ನಾಲ್ವರು ಶಿಕ್ಷಕರು ಜೊತೆಗಿರುತ್ತಾರೆ. ಗಣರಾಜ್ಯೋತ್ಸವದ ಕವಾಯತಿನಲ್ಲಿರುವ ಮಕ್ಕಳು ತಾಲೀಮು ತಪ್ಪಿಸಬೇಕಿಲ್ಲ. ಅವರನ್ನು ಫೆಬ್ರವರಿ 7ರ ಎರಡನೇ ತಂಡದಲ್ಲಿ ಕರೆದೊಯ್ಯುತ್ತೇವೆ.

ಬಾಡಿಗೆ ವಾಹನ ಮಾಡುತ್ತಿಲ್ಲ. ಸಾರಿಗೆ ಬಸ್ಸು, ದೋಣಿ, ನಡಿಗೆ, ಇಷ್ಟೇ. ಖರ್ಚು ಉಳಿಯುತ್ತದೆ ಎಂಬುದೊಂದೇ ಇದಕ್ಕೆ ಕಾರಣವಲ್ಲ. ನಾವು ಅಘನಾಶಿನಿ ಊರಿನ ದಡದಲ್ಲಿ ಶುರುಮಾಡಿ, ದೋಣಿಯಲ್ಲಿ ತದಡಿಗೆ ದಾಟಿ, ಆಚೆ ದಡದಿಂದಲೇ ಹೊನ್ನಾವರಕ್ಕೆ ಮರಳುತ್ತೇವೆ. ಸ್ವಂತ ವಾಹನವಿದ್ದರೆ ಅದು ಈಚೆ ದಡದಲ್ಲೇ ಉಳಿಯುತ್ತದೆ. ಕುಮಟಾಕ್ಕೆ ಹಿಂದಿರುಗಿ, ಮಿರ್ಜಾನ, ಮಾದನಗೇರಿ ಸುತ್ತಿಕೊಂಡು ತದಡಿಗೆ ಬರಬೇಕು. ಈ ಜಾಗಕ್ಕೆ ಬಸ್ಸು ಮತ್ತು ದೋಣಿಯೇ ಸರಿಯಾದ ದಾರಿ.

ಮನೆ ಬಾಗಿಲಲ್ಲೇ ಶರಾವತಿ ಇರುವಾಗ ಕುಮಟಾ ತಾಲೂಕಿಗೆ ಏಕೆ ಹೋಗಬೇಕು ಎಂದು ನೀವು ಕೇಳಬಹುದು. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಅಣೆಕಟ್ಟುಗಳಿವೆ. ವಿದ್ಯುದಾಗಾರಗಳಿಂದ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿದುಬರುವುದರಿಂದ ನಮ್ಮ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ, ಬಳಚು, ಕಲ್ಗ ಎಂಬ ಚಿಪ್ಪುಜೀವಿಗಳು ಕಡಿಮೆಯಾಗಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎನ್ನುವ ಹಳೆಯ ಕ್ರಮ ಅಲ್ಲಿ ಇನ್ನೂ ನಡೆದಿದೆ. ಹಾಗಾಗಿ ಕೆಸರಿನಲ್ಲಿ ಚಿಪ್ಪು, ಹುಳು, ಏಡಿ ಯಥೇಚ್ಛ. ಅದನ್ನು ನಂಬಿ ಹಕ್ಕಿಗಳು ಬರುತ್ತವೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಎರಡು ನದಿಗಳ ಈ ವ್ಯತ್ಯಾಸವನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಬೇಕೆಂಬುದು ನನ್ನ ಬಹುದೊಡ್ಡ ಆಸೆ.

ದಿನವನ್ನು ನಿಗದಿ ಮಾಡಿದ್ದು ಶಾಲೆಯ ಅನುಕೂಲ ನೋಡಿ ಅಲ್ಲ, ನೀರಿನ ಲೆಕ್ಕ ನೋಡಿ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯಂದು ಭರತ ಸುಮಾರು ಮಧ್ಯಾಹ್ನಕ್ಕೆ ಮುಂಚೆ ಬರುತ್ತದೆ. ಇಳಿತ ನಸುಕಿನಲ್ಲಿ ಮತ್ತು ಸಂಜೆ. ಆ ದಿನ ಹತ್ತು ಗಂಟೆಗೆ ಹೋದರೆ ಕಾಣುವುದು ತುಂಬಿದ ಹೊಳೆ ಮಾತ್ರ. ಕೆಸರುಬಯಲು ನೀರಿನಡಿ ಇರುತ್ತದೆ, ಹಕ್ಕಿ ಬೇರೆಲ್ಲೋ ಕೂತಿರುತ್ತದೆ. ಅಳಿವೆಗೆ ಹೋಗಿ ಏನೂ ಸಿಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ತುಸು ಹೆಚ್ಚು ಮುಂದೆ ಹೋಗುತ್ತದೆ. 18ರ ಅಮಾವಾಸ್ಯೆ ಕಳೆದು ಆರನೇ ದಿನ, ಅಂದರೆ 24ರಂದು, ನೀರು ತೀರ ಕೆಳಗಿಳಿಯುವುದು ಬೆಳಿಗ್ಗೆ ಒಂಬತ್ತರ ಆಸುಪಾಸಿಗೆ. ಫೆಬ್ರವರಿ 7 ಕೂಡ 1ರ ಹುಣ್ಣಿಮೆ ಕಳೆದು ಆರನೇ ದಿನವೇ. ಹೊರಡುವ ಹಿಂದಿನ ದಿನ ಕಾರವಾರ ಬಂದರಿನ ಭರತ-ಇಳಿತದ ಪಟ್ಟಿಯೊಂದಿಗೆ ಹೊತ್ತನ್ನು ತಾಳೆ ನೋಡುತ್ತೇವೆ.

ಇಳಿತ ಮುಗಿದು ನೀರು ಏರತೊಡಗುವ ಮೊದಲ ಎರಡು ತಾಸೇ ಎಲ್ಲಕ್ಕಿಂತ ಒಳ್ಳೆಯದು. ತೀರ ಇಳಿದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಚುಕ್ಕಿಗಳಂತೆ ಚದುರಿರುತ್ತವೆ. ನೀರು ಏರಿದಂತೆ ಮೇಯುತ್ತ ಮೇಯುತ್ತ ದಡದತ್ತ ಬರುತ್ತವೆ. ನಾವು ಅಲುಗದೆ ಕೂತಿದ್ದರೆ ಸಾಕು. ಅಘನಾಶಿನಿ ದಡದಿಂದ ಉತ್ತರಕ್ಕೆ ನೋಡುವಾಗ ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ.

ಅಲ್ಲಿ ನೋಡಬೇಕಾದದ್ದು ಕೊಕ್ಕು. ಸ್ಯಾಂಡ್ ಪ್ಲೋವರ್‌ನದು ಗಿಡ್ಡ ಕೊಕ್ಕು. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಮೇಲ್ಮೈಯಲ್ಲಿ ಅಲುಗಿದ್ದನ್ನು ಕುಕ್ಕುತ್ತದೆ. ಕೆಂಪು ಕಾಲಿನ ರೆಡ್‌ಶ್ಯಾಂಕ್ ಅರ್ಧ ಬೆರಳಿನಷ್ಟು ಆಳಕ್ಕೆ ಚುಚ್ಚುತ್ತದೆ. ಕರ್ಲ್ಯೂ ತನ್ನ ಉದ್ದನೆಯ ಬಾಗು ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ, ಕತ್ತು ತಿರುಚಿ ಏಡಿಯನ್ನು ಎಳೆದು, ಕಾಲುಗಳನ್ನು ಒದರಿ ಉದುರಿಸಿ ನುಂಗುತ್ತದೆ. ಒಂದೇ ಕೆಸರಿನಲ್ಲಿ ಇಷ್ಟು ಜಾತಿಗಳು ಜಗಳವಿಲ್ಲದೆ ಹೇಗೆ ಬದುಕುತ್ತವೆ ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಗರುಡ ಹೇಗೂ ಇರುತ್ತವೆ.

ಮಕ್ಕಳಿಗೆ ಒಂದು ನಿಯಮವನ್ನು ಮನೆಯಲ್ಲೂ ಹೇಳಿ: ಹಕ್ಕಿಗಳು ತಲೆಯೆತ್ತಿದರೆ ನಿಲ್ಲಬೇಕು, ದೂರ ನಡೆಯತೊಡಗಿದರೆ ಹಿಂದೆ ಸರಿಯಬೇಕು. ರೆಡ್‌ಶ್ಯಾಂಕ್ ಒಂದು ಕೂಗಿ ಎದ್ದರೆ ಇಡೀ ಗುಂಪು ಏಳುತ್ತದೆ. ಮಳೆಗಾಲದ ಮೊದಲು ಸಾವಿರಾರು ಕಿಲೋಮೀಟರ್ ಹಾರಿ ಉತ್ತರಕ್ಕೆ ಮರಳಬೇಕಾದ ಹಕ್ಕಿ ಈಗ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತದೆ. ಪ್ರತಿ ಸಲ ಎಬ್ಬಿಸಿದಾಗಲೂ ಅದರಲ್ಲಿ ಒಂದಷ್ಟು ಕಳೆದುಕೊಳ್ಳುತ್ತದೆ. ಬಳಚು ಆರಿಸುವ ಹೆಂಗಸರಿಗೂ ಅದು ದುಡಿಮೆಯ ಹೊತ್ತು. ಕೇಳದೆ ಫೋಟೋ ತೆಗೆಯುವಂತಿಲ್ಲ.

ಆ ದಿನದ ಕ್ರಮ ಹೀಗಿದೆ. ಬೆಳಿಗ್ಗೆ 6.30ಕ್ಕೆ ಹೊನ್ನಾವರ ಬಸ್ ನಿಲ್ದಾಣದಲ್ಲಿ ಸೇರಬೇಕು. ಕುಮಟಾಕ್ಕೆ 20 ಕಿ.ಮೀ.; ಅಲ್ಲಿಂದ ಅಘನಾಶಿನಿ ಊರಿನ ಬಸ್ಸು. ಆ ಹೊತ್ತಿಗೆ ಶಾಲೆ, ಕಾಲೇಜಿನ ಗದ್ದಲ ಹಳ್ಳಿಯಿಂದ ಪೇಟೆಯ ಕಡೆಗೆ ಇರುವುದರಿಂದ ನಾವು ಹೋಗುವ ಬಸ್ಸಿನಲ್ಲಿ ಜಾಗ ಸಿಗುತ್ತದೆ. ತಂಡವನ್ನು 24ಕ್ಕೆ ಮಿತಿಗೊಳಿಸಿದ್ದೂ ಹಳ್ಳಿ ಬಸ್ಸಿಗೆ ಹೊರೆಯಾಗಬಾರದೆಂದೇ. ಹನ್ನೊಂದೂವರೆಯೊಳಗೆ ದೋಣಿ ದಾಟುತ್ತೇವೆ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಅಳಿವೆಯ ಬಾಯಲ್ಲಿ ನೀರು ಕುಲುಕುತ್ತದೆ. ಲೈಫ್ ಜಾಕೆಟ್ ಹಾಕದ ಮಗುವನ್ನು ದೋಣಿ ಹತ್ತಿಸುವುದಿಲ್ಲ. ಗಾಳಿ ಮೊದಲೇ ಜೋರಾಗಿದ್ದರೆ ದಾಟುವುದೇ ಇಲ್ಲ, ಬಂದ ದಾರಿಯಲ್ಲೇ ಕುಮಟಾಕ್ಕೆ ಮರಳುತ್ತೇವೆ.

ತದಡಿಯಲ್ಲಿ ಊಟ. ಆಮೇಲೆ ಸಾಣಿಕಟ್ಟಾದ ಉಪ್ಪಿನಾಗರ. ಭರತ ಏರಿ ಕೆಸರು ಮುಳುಗಿದಾಗ ಹಕ್ಕಿಗಳು ಉಪ್ಪಿನ ಪಾತಿಗಳಿಗೆ, ಗಜನಿಗಳ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳ) ಏರಿಗೆ ಬಂದು ವಿಶ್ರಮಿಸುತ್ತವೆ. ಏರಿಯ ಮೇಲೆ ಅಪ್ಪಣೆ ಇಲ್ಲದೆ ಕಾಲಿಡುವಂತಿಲ್ಲ. ರಸ್ತೆಯ ಅಂಚಿನಿಂದಲೇ ನೋಡುತ್ತೇವೆ. ಮೂರೂವರೆಗೆ ಅಲ್ಲಿಂದ ಹೊರಟು ಕುಮಟಾ ಮೂಲಕ ಸಂಜೆ ಆರರ ಸುಮಾರಿಗೆ ಹೊನ್ನಾವರ. ಆಚೆ ದಡದಲ್ಲಿ ಬಸ್ಸು ವಿರಳ. ತಪ್ಪಿದರೆ ಆಟೋದಲ್ಲಿ ಮಾದನಗೇರಿಗೆ ಬಂದು ಹೆದ್ದಾರಿಯ ಬಸ್ಸು ಹಿಡಿಯುತ್ತೇವೆ. ಹಾಗಾದರೆ ಒಂದು ಗಂಟೆ ತಡವಾಗಬಹುದು, ನಿಲ್ದಾಣದಲ್ಲಿ ಕಾಯುವವರು ಗಾಬರಿಯಾಗಬೇಡಿ.

ಹೆಣ್ಣುಮಕ್ಕಳ ಬಳಿ ಕರ್ನಾಟಕದ ವಿಳಾಸವಿರುವ ಮೂಲ ಆಧಾರ್ ಕಾರ್ಡ್ ಕೊಟ್ಟು ಕಳಿಸಿ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ಗೆ ಅದು ಬೇಕು. ಜೆರಾಕ್ಸ್ ಬೇಡ. ಗಂಡುಮಕ್ಕಳ ಶಾಲಾ ಬಸ್ ಪಾಸು ಈ ಮಾರ್ಗಕ್ಕೆ ನಡೆಯುವುದಿಲ್ಲ, ಟಿಕೆಟ್ಟಿಗೆ ₹200 ಕೊಡಿ. ಉಳಿದದ್ದನ್ನು ಸೋಮವಾರದ ಧ್ವಜಾರೋಹಣದ ನಂತರ ಹಿಂದಿರುಗಿಸುತ್ತೇವೆ. ದೋಣಿಯ ಹಣ ಶಾಲೆಯದು.

ಸಮವಸ್ತ್ರ ಬೇಡ: ಬಿಳಿ ಅಂಗಿ ಬಯಲಿನಲ್ಲಿ ದೂರಕ್ಕೇ ಎದ್ದು ಕಾಣುತ್ತದೆ. ಮಾಸಲು ಹಸಿರು, ಕಂದು, ಬೂದು ಬಣ್ಣದ ತುಂಬು ತೋಳಿನ ಬಟ್ಟೆ, ಟೊಪ್ಪಿ ಇರಲಿ. ಹವಾಯಿ ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡು ಕಿತ್ತುಹೋಗುತ್ತದೆ, ಕಲ್ಗದ ಚಿಪ್ಪು ಬರಿಗಾಲನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಹಳೆಯ ಶೂ ಹಾಕಿಸಿ. ದಡ ಬಿಟ್ಟು ಕೆಸರಿಗೆ ಯಾರನ್ನೂ ಇಳಿಸುವುದಿಲ್ಲ. ನೆರಳು ಕಡಿಮೆ, ಒಂದೂವರೆ ಲೀಟರ್ ನೀರು ಬೇಕೇ ಬೇಕು. ಬುತ್ತಿಗೆ ಚಪಾತಿ ಅಥವಾ ಅವಲಕ್ಕಿ ಒಳ್ಳೆಯದು. ಬಿಸಿಲಿಗೆ ಮೊಸರನ್ನ ಹುಳಿಯುತ್ತದೆ. ಶಾಲೆಯ ಆರು ಬೈನಾಕ್ಯುಲರ್‌ಗಳಿವೆ, ನಾಲ್ವರಿಗೊಂದು. ಮನೆಯಲ್ಲಿದ್ದರೆ 8x40 (ಎಂಟು ಪಟ್ಟು ವರ್ಧನೆಯದು) ಅಥವಾ ಅದರ ಆಸುಪಾಸಿನದು ಕೊಡಿ. ಇನ್ನೂ ಹೆಚ್ಚು ವರ್ಧನೆಯದು ಮಕ್ಕಳ ಕೈಯಲ್ಲಿ ನಡುಗಿ ಹಕ್ಕಿಯೇ ನಿಲ್ಲುವುದಿಲ್ಲ.

ಉಬ್ಬಸ, ಫಿಟ್ಸ್, ಪ್ರಯಾಣದ ವಾಂತಿ ಇರುವ ಮಕ್ಕಳ ವಿವರವನ್ನು ಒಪ್ಪಿಗೆ ಪತ್ರದ ಹಿಂಬದಿಯಲ್ಲಿ ಬರೆದು, ಔಷಧಿಯನ್ನು ತರಗತಿ ಶಿಕ್ಷಕರ ಕೈಗೇ ಕೊಡಿ. ಸಹಿ ಮಾಡಿದ ಒಪ್ಪಿಗೆ ಪತ್ರ ಜನವರಿ 17, ಶನಿವಾರದೊಳಗೆ ನಮ್ಮ ಕೈ ಸೇರಬೇಕು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು