ಎಮ್ಮೆ ಕೊಟ್ಟಿಗೆಯಿಂದ ಹೇರಾ ಗುಡಿಗೆ

ಪುಟ್ಟಿ,

ನೀನು ಬುಕ್ ಮಾಡಿಕೊಟ್ಟ ಪ್ರವಾಸ ಮುಗಿಸಿ ಈಗಷ್ಟೇ ನೇಪಲ್ಸ್‌ಗೆ ವಾಪಸ್ ಬಂದೆವು. ಕಾಲು ನೋಯುತ್ತಿದೆ, ಆದರೂ ಬರೆಯದೆ ಮಲಗಲು ಮನಸ್ಸಾಗಲಿಲ್ಲ.

ದಕ್ಷಿಣ ಇಟಲಿಯ ಪೆಸ್ತುಮ್‌ನಲ್ಲಿ ಗೈಡ್ ಮೊದಲು ಕರೆದುಕೊಂಡು ಹೋಗಿದ್ದು ಎಮ್ಮೆ ಕೊಟ್ಟಿಗೆಗೆ. ಚೀಸ್ ಮಾಡುವ ಕೆಲಸ ಬೆಳಿಗ್ಗೆಯೇ ಮುಗಿದುಬಿಡುತ್ತದಂತೆ. ಒಡೆದ ಹಾಲಿನ ಗಡ್ಡೆಗೆ ಕುದಿಯುವ ನೀರು ಹೊಯ್ದು, ಕೋಲಿನಿಂದ ಎತ್ತಿ ಎತ್ತಿ ಎಳೆಯುತ್ತಾರೆ. ಅದು ಹೊಳೆಯುತ್ತಾ ಹಗ್ಗದ ಹಾಗೆ ಉದ್ದವಾಗುತ್ತದೆ. ಆಮೇಲೆ ಎರಡು ಬೆರಳಲ್ಲಿ ಚಿವುಟಿ ಉಂಡೆ ಬೇರೆ ಮಾಡುತ್ತಾರೆ. ಹೀಗೆ ಕತ್ತರಿಸುವುದಕ್ಕೆ ಅವರ ಭಾಷೆಯಲ್ಲಿ ಮೊಟ್ಸಾರೆ ಅನ್ನುತ್ತಾರೆ. ಈ ಚೀಸಿಗೆ ಮೊಜ್ಜರೆಲ್ಲಾ ಅನ್ನೋ ಹೆಸರು ಬಂದಿದ್ದು ಅದರಿಂದಲೇ. ನನಗೆ ನಿಮ್ಮಜ್ಜಿ ಬೆಣ್ಣೆ ತೆಗೆದು ಉಂಡೆ ಕಟ್ಟುತ್ತಿದ್ದ ಕೈ ನೆನಪಾಗಿ ಗಂಟಲು ಕಟ್ಟಿತು. ಹಾಲು ಒಡೆಯಲು ಹಾಕುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು ಅಂತ ಗೊತ್ತಾಗಿ ಅಪ್ಪ ಮುಟ್ಟಲಿಲ್ಲ. ನಾನು ತಿಂದೆ. ಕಚ್ಚಿದ ಕೂಡಲೇ ಹಾಲು ಒಸರಿತು, ಎಮ್ಮೆ ಹಾಲಿನದೇ ರುಚಿ.

ಆಮೇಲೆ ಗುಡಿಗಳು. ಕ್ರಿ.ಪೂ. 600ರ ಸುಮಾರಿಗೆ ಗ್ರೀಕ್ ವಲಸಿಗರು ಕಟ್ಟಿದ ಊರು ಇದು, ಆಗಿನ ಹೆಸರು ಪೊಸೈಡೋನಿಯಾ. ಮೂರು ಗುಡಿಗಳಲ್ಲಿ ಹಳೆಯದು ಹೇರಾ ದೇವಿಯದು. ಮುಂದೆ 9 ಕಂಬ. ಬೆಸ ಸಂಖ್ಯೆ ಅಲ್ವಾ, ಬಾಗಿಲು ಇರಬೇಕಾದ ನಟ್ಟನಡುವೆ ಒಂದು ಕಂಬ ನಿಂತಿದೆ! ಎಲ್ಲ ಕಂಬಗಳ ಹೊಟ್ಟೆಯೂ ಉಬ್ಬಿದೆ, ಭಾರ ಹೊತ್ತು ಉಸಿರು ಬಿಗಿಹಿಡಿದವರ ಹಾಗೆ.

ಇವು ಹೇಗೆ ಉಳಿದವು ಗೊತ್ತಾ? ಸುತ್ತ ಜೌಗು ಹೆಚ್ಚಿತು, ಮಲೇರಿಯಾ ಬಂತು, ಜನ ಊರು ಬಿಟ್ಟರು. ಮೇಲೆ ಹೊಸ ಊರು ಏಳಲಿಲ್ಲ. ಮನುಷ್ಯರನ್ನು ಓಡಿಸಿದ ಆ ಕೆಸರೇ ಎಮ್ಮೆಗಳಿಗೆ ಮನೆಯಾಯಿತು. ಗುಡಿ, ಚೀಸ್ ಎರಡೂ ನಮಗೆ ಸಿಕ್ಕಿದ್ದು ಒಂದೇ ಜೌಗಿನಿಂದ.

ಮ್ಯೂಸಿಯಂನಲ್ಲಿ 1968ರಲ್ಲಿ ಸಿಕ್ಕ ಗೋರಿಯೊಂದಿದೆ. ಮುಚ್ಚಳದ ಕಲ್ಲಿನ ಒಳಮೈ ಮೇಲೆ ನೀರಿಗೆ ಧುಮುಕುತ್ತಿರುವ ಹುಡುಗನ ಚಿತ್ರ. ಮುಚ್ಚಿದ ಮೇಲೆ ಒಳಗೆ ಮಲಗಿದವನಿಗೆ ಬಿಟ್ಟು ಬೇರೆ ಯಾರಿಗೂ ಕಾಣದು. ಅಷ್ಟು ಪ್ರೀತಿಯಿಂದ ಬರೆಸಿದವರು ಅವನ ಅಪ್ಪ ಅಮ್ಮನೇ ಇರಬೇಕು ಅಂತ ನನಗೆ ಅನ್ನಿಸಿತು. ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಎರಡು ಉಂಡೆ ತಂದಿದ್ದೇನೆ. ಫ್ರಿಜ್‌ನಲ್ಲಿ ಇಡಬಾರದಂತೆ, ಅದರ ನೀರಲ್ಲೇ ಬಿಟ್ಟಿದ್ದೇನೆ. ನೀನಿದ್ದಿದ್ದರೆ ಇಷ್ಟೊತ್ತಿಗೆ ಖಾಲಿಯಾಗಿರುತ್ತಿತ್ತು.

ನಿನ್ನ ಅಮ್ಮ